ಮೊದಲು ಉಸಿರು, ಎಚ್ಚರ ಆಮೇಲೆ

ಸಾರ್ವಜನಿಕರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಕೂತಲ್ಲೇ ಒಂದು ಕೆಲಸ ಮಾಡಿ. ಒಳಗಿರುವ ಉಸಿರನ್ನು ಪೂರ್ತಿ ಹೊರಗೆ ಬಿಡಿ. ಈಗ ಹಿಡಿದುಕೊಳ್ಳಿ. ಆಗುವಷ್ಟು ಹೊತ್ತು ಹಿಡಿದಿರಿ. ತಲೆ ಸುತ್ತು ಬರುವವರು ಮಾಡಬೇಡಿ.

(ಇಪ್ಪತ್ತು ಸೆಕೆಂಡ್ ಆಗುವಷ್ಟರಲ್ಲಿ ಅರ್ಧ ಸಭೆ ಸೋತಿತ್ತು. ಮುಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಹಟ ಹಿಡಿದು ಕೆಂಪಗಾಗಿ ಕೂತಿದ್ದ.)

ಸಾಕು ಕಣಪ್ಪಾ, ಉಸಿರು ತಗೋ.

ಎದೆಯೊಳಗೆ ಯಾರೋ ಒದ್ದ ಹಾಗೆ ಆಯ್ತು ಅಲ್ವಾ? ಆಮ್ಲಜನಕ ಖಾಲಿಯಾಯಿತು, ಅದಕ್ಕೇ ಹಾಗಾಯಿತು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗಲ್ಲ. ಇಪ್ಪತ್ತು ಸೆಕೆಂಡಿನಲ್ಲಿ ನಿಮ್ಮ ರಕ್ತದ ಆಮ್ಲಜನಕಕ್ಕೆ ಹೆಚ್ಚೇನೂ ಆಗಿರುವುದಿಲ್ಲ. ಏರಿದ್ದು ಇಂಗಾಲದ ಡೈಆಕ್ಸೈಡ್. ಮೆದುಳಿನ ಬುಡದಲ್ಲಿ, ಕತ್ತಿನ ಹಿಂಭಾಗಕ್ಕೆ ಹತ್ತಿರದಲ್ಲಿ, ಅದನ್ನೇ ಕಾಯುತ್ತಾ ಕೂತಿರುವ ನರಕೋಶಗಳಿವೆ. ಅದು ಸ್ವಲ್ಪ ಏರಿದರೂ ಗಂಟೆ ಬಾರಿಸುತ್ತವೆ. ಆ ಗಂಟೆಯ ಸದ್ದನ್ನೇ ನೀವು ಈಗ ಎದೆಯಲ್ಲಿ ಕೇಳಿಸಿಕೊಂಡಿದ್ದು.

ಒಪಿಯಾಯ್ಡ್ ಔಷಧಗಳು, ಅಂದರೆ ಅಫೀಮಿನ ಜಾತಿಯ ನೋವಿನ ಮದ್ದುಗಳು, ಆ ಗಂಟೆಯ ನಾಲಗೆಗೆ ಬಟ್ಟೆ ಸುತ್ತುತ್ತವೆ. ಇವತ್ತಿನ ಮಾತೆಲ್ಲ ಆ ಬಟ್ಟೆಯನ್ನು ಬಿಚ್ಚುವ ಬಗ್ಗೆ. ಬಿಚ್ಚುವ ಮದ್ದಿನ ಹೆಸರು ನಲಾಕ್ಸೋನ್.

ನಾನು ಅರಿವಳಿಕೆ ವೈದ್ಯ. ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಹತ್ತಿರ ಕೂರುವವನು. ಹೆಚ್ಚಿನವರಿಗೆ ಸರ್ಜನ್ ಹೆಸರು ನೆನಪಿರುತ್ತದೆ, ನಮ್ಮದು ಇರುವುದಿಲ್ಲ. ಇರಲಿ. ಫೆಂಟನಿಲ್ ಎಂಬ ಹೆಸರನ್ನು ನೀವು ಸುದ್ದಿಯಲ್ಲಿ ಭಯದಿಂದ ಕೇಳಿರುತ್ತೀರಿ. ಅದೂ ಒಂದು ಒಪಿಯಾಯ್ಡ್. ರೋಗಿಗಳಿಗೆ ಕೊಡಲು ನಾನು ಅದನ್ನು ದಿನಾ ಬೆಳಿಗ್ಗೆ ಸಿರಿಂಜಿಗೆ ಎಳೆದುಕೊಳ್ಳುತ್ತೇನೆ. ಅದನ್ನು ಕೊಟ್ಟ ಮೇಲೆ ಕೆಲವೊಮ್ಮೆ ಒಂದು ವಿಚಿತ್ರ ಕಾಣುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕಣ್ಣು ತೆರೆದಿರುತ್ತದೆ. ಆದರೆ ಎದೆ ಏರುತ್ತಿಲ್ಲ. "ಅಮ್ಮಾ, ಉಸಿರು ತಗೊಳ್ಳಿ" ಎಂದರೆ ತಗೊಳ್ಳುತ್ತಾರೆ. ಒಂದು ಸಲ. ಮತ್ತೆ ಸುಮ್ನೆ. ಮತ್ತೆ ಹೇಳಬೇಕು. ಅವರಿಗೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದೇ ಇಲ್ಲ. ಉಸಿರಾಡುವುದು ಮರೆತುಹೋಗಿದೆ, ಅಷ್ಟೇ. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ!

ಓವರ್‌ಡೋಸ್ ಸಾವು, ಅಂದರೆ ಮದ್ದು ಅಳತೆ ಮೀರಿ ಆಗುವ ಸಾವು, ಇದೇ. ಪಕ್ಕದಲ್ಲಿ ಕೂತು "ಉಸಿರು ತಗೊಳ್ಳಿ" ಎನ್ನುವವರು ಇಲ್ಲದಿದ್ದಾಗ ಆಗುವುದು. ಒದ್ದಾಟವಿಲ್ಲ, ಕೂಗಾಟವಿಲ್ಲ. ಆಚೆ ಕೋಣೆಯಲ್ಲಿರುವವರಿಗೆ ಜೋರು ಗೊರಕೆ ಕೇಳಿಸಬಹುದು. "ಚೆನ್ನಾಗಿ ನಿದ್ದೆ ಹತ್ತಿದೆ, ಎಬ್ಬಿಸೋದು ಬೇಡ" ಎಂದುಕೊಂಡು ಬಾಗಿಲು ಮುಂದೆ ಮಾಡುತ್ತಾರೆ. ಈ ಬಾಗಿಲು ಮುಂದೆ ಮಾಡುವ ಮಾತನ್ನು ನಾನು ಎಷ್ಟೋ ಮನೆಯವರ ಬಾಯಲ್ಲಿ ಕೇಳಿದ್ದೇನೆ. ಪ್ರೀತಿಯಿಂದಲೇ ಮಾಡಿರುತ್ತಾರೆ.

ಒಪಿಯಾಯ್ಡ್ ಅಂದರೆ ಯಾವುವು? ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದರೆ ಹಾಲು ಬರುತ್ತದೆ, ಅದು ಒಣಗಿದರೆ ಅಫೀಮು. ಅಫೀಮಿನಿಂದ ಮಾರ್ಫಿನ್ ಮತ್ತು ಕೋಡೀನ್. ಮಾರ್ಫಿನ್‌ಗೆ ಸ್ವಲ್ಪ ಬದಲಾವಣೆ ಮಾಡಿದರೆ ಹೆರಾಯಿನ್. ಆಕ್ಸಿಕೋಡೋನ್ ಕೂಡ ಇದೇ ಮನೆತನ. ಗಿಡದ ಹಂಗಿಲ್ಲದೆ ಪ್ರಯೋಗಾಲಯದಲ್ಲಿ ಮಾಡಿದವು ಮೆಥಡೋನ್, ಟ್ರಮಡಾಲ್, ಫೆಂಟನಿಲ್. ಫೆಂಟನಿಲ್ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಗಟ್ಟಿ. ಹಾಗಂತ ಇವೆಲ್ಲ ವಿಷ ಎಂದು ನಾನು ಹೇಳುವುದಿಲ್ಲ. ಕ್ಯಾನ್ಸರ್ ನೋವಿನಲ್ಲಿ ರಾತ್ರಿಯಿಡೀ ನರಳುವವರಿಗೆ ಮಾರ್ಫಿನ್ ಕೊಡದೆ ಇರುವುದು ದೊಡ್ಡ ಕ್ರೌರ್ಯ. ನೋವು ಕಳೆಯುವುದು, ಉಸಿರು ನಿಧಾನ ಮಾಡುವುದು ಎರಡೂ ಒಂದೇ ಔಷಧದ ಕೆಲಸ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಪೂರ್ತಿ ಬಿಡಿಸುವುದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 1,25,000 ಜನ ಒಪಿಯಾಯ್ಡ್ ಓವರ್‌ಡೋಸಿನಿಂದ ಸತ್ತರು. ಈ ಸಂಖ್ಯೆ ಕೇಳಿದೊಡನೆ ತಲೆಯಲ್ಲಿ ಒಂದು ಚಿತ್ರ ಬರುತ್ತದೆ: ಕತ್ತಲ ಓಣಿ, ಸೂಜಿ, ಹರಿದ ಬಟ್ಟೆಯ ಹುಡುಗ. ಆ ಹುಡುಗನೂ ಇದ್ದಾನೆ, ಇಲ್ಲ ಅನ್ನುವುದಿಲ್ಲ. ಆದರೆ ಮೂತ್ರಪಿಂಡ ಸೋತ ಅಜ್ಜಿಯೂ ಇದ್ದಾರೆ. ಮಾರ್ಫಿನ್‌ನಿಂದ ಹುಟ್ಟುವ ವಸ್ತುಗಳು ಅವರ ಮೈಯಿಂದ ಹೊರಗೆ ಹೋಗುವುದಿಲ್ಲ. ನಿನ್ನೆಯ ಡೋಸು ಉಳಿದಿರುವಾಗಲೇ ಇವತ್ತಿನದೂ ಸೇರಿಕೊಳ್ಳುತ್ತದೆ. ನೋವಿನ ಮಾತ್ರೆಯ ಜೊತೆಗೆ ನಿದ್ದೆ ಮಾತ್ರೆ ನುಂಗಿದವರು, ಇಲ್ಲವೇ ಮದ್ಯ ಕುಡಿದವರು ಇದ್ದಾರೆ. ನೋವಿಗೆಂದು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಹಳೆಯದಾಗಿ ಕಸದ ಬುಟ್ಟಿಗೆ ಬಿದ್ದಿದ್ದನ್ನು ಎತ್ತಿಕೊಂಡು ಆಟಕ್ಕೆ ಕೈಗೆ ಅಂಟಿಸಿಕೊಂಡ ಮಗು ಇದೆ. ಮೂರು ದಿನ ಹಾಕಿ ಬಿಸಾಡಿದ ಪ್ಯಾಚಿನಲ್ಲೂ ಮಗುವನ್ನು ಕೊಲ್ಲುವಷ್ಟು ಮದ್ದು ಉಳಿದಿರುತ್ತದೆ.

ಇನ್ನೊಬ್ಬರ ವಿಷಯ ಹೇಳಲೇಬೇಕು. ಚಟ ಬಿಟ್ಟು ಬಂದವರು. ಕೆಲವು ವಾರ ಮುಟ್ಟದಿದ್ದರೆ ದೇಹ ತನ್ನ ಅಭ್ಯಾಸ ಕಳೆದುಕೊಳ್ಳುತ್ತದೆ. ಆದರೆ ಕೈಗೆ ಹಳೆಯ ಅಳತೆ ನೆನಪಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದವರನ್ನು ಅಧ್ಯಯನ ಮಾಡಿ 2007ರಲ್ಲಿ ಒಂದು ವರದಿ ಬಂತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಡ್ರಗ್ಸ್ ಓವರ್‌ಡೋಸಿನಿಂದ ಸಾಯುವ ಅಪಾಯ ಅಲ್ಲಿನ ಸಾಮಾನ್ಯ ಜನರಿಗಿಂತ 129 ಪಟ್ಟು ಜಾಸ್ತಿ ಇತ್ತು. ಸಂತೋಷಪಡಬೇಕಾದ ಹದಿನೈದು ದಿನ ಅವು. ಮನೆಯವರು ಕಾವಲು ಸಡಿಲ ಬಿಡುವುದೂ ಆಗಲೇ.

ಈಗ ಮದ್ದಿನ ಕಡೆ ಬರೋಣ. ನೀವು ಕುರ್ಚಿ ಆಟ ಆಡಿದ್ದೀರಿ ತಾನೆ? ನರಕೋಶದ ಮೇಲೆ ಪುಟ್ಟ ಕುರ್ಚಿಗಳಿವೆ ಅಂದುಕೊಳ್ಳಿ. ನಾವು ಅವನ್ನು ಮ್ಯೂ ರಿಸೆಪ್ಟರ್ ಎನ್ನುತ್ತೇವೆ. ಮಾರ್ಫಿನ್ ಬಂದು ಕುರ್ಚಿಯಲ್ಲಿ ಕೂತರೆ ಸುಮ್ಮನಿರುವುದಿಲ್ಲ, ಸ್ವಿಚ್ ಒತ್ತುತ್ತದೆ. ನೋವು ಇಳಿಯುತ್ತದೆ, ಉಸಿರೂ ಇಳಿಯುತ್ತದೆ. ನಲಾಕ್ಸೋನ್‌ಗೂ ಅದೇ ಕುರ್ಚಿ ಬೇಕು. ಅದರ ಹಿಡಿತ ಗಟ್ಟಿ. ಮಾರ್ಫಿನ್ ಸ್ವಲ್ಪ ಎದ್ದರೆ ಸಾಕು, ಆ ಜಾಗಕ್ಕೆ ನುಗ್ಗಿ ಕೂರುತ್ತದೆ. ಕೂತು ಏನು ಮಾಡುತ್ತದೆ? ಏನೂ ಮಾಡುವುದಿಲ್ಲ! ಸ್ವಿಚ್ ಮುಟ್ಟುವುದಿಲ್ಲ. ಬೇರೆಯವರಿಗೂ ಜಾಗ ಬಿಡುವುದಿಲ್ಲ. ಇಷ್ಟೊಂದು ಸೋಮಾರಿ ಮದ್ದನ್ನು ನಾನು ಬೇರೆ ಕಂಡಿಲ್ಲ. ಅದರ ಸೋಮಾರಿತನವೇ ನಮಗೆ ಬೇಕಾದದ್ದು. ಮೈಯಲ್ಲಿ ಒಪಿಯಾಯ್ಡ್ ಇಲ್ಲದವರಿಗೆ ಇದನ್ನು ಕೊಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ನಶೆಯೂ ಇಲ್ಲ, ಚಟವೂ ಹತ್ತುವುದಿಲ್ಲ.

ಇದರ ಹುಟ್ಟು ಒಂದು ಸಣ್ಣ ತಿದ್ದುಪಡಿಯಿಂದ. ಆಕ್ಸಿಮಾರ್ಫೋನ್ ಅನ್ನುವುದು ಮಾರ್ಫಿನ್‌ಗಿಂತಲೂ ಜೋರಾದ ಒಪಿಯಾಯ್ಡ್. ಅದರ ನೈಟ್ರೋಜನ್‌ಗೆ ಅಂಟಿಕೊಂಡ ಪುಟ್ಟ ಬಾಲವನ್ನು ಕಿತ್ತು, ಸ್ವಲ್ಪ ಉದ್ದದ ಬೇರೆ ಬಾಲ ಅಂಟಿಸಿದರೆ ನಲಾಕ್ಸೋನ್. ಕೊಲ್ಲಬಲ್ಲದ್ದಕ್ಕೂ ಉಳಿಸುವುದಕ್ಕೂ ನಡುವೆ ಇಷ್ಟೇ ಅಂತರ. 1961ರಲ್ಲಿ ಜ್ಯಾಕ್ ಫಿಶ್‌ಮನ್ ಮತ್ತು ಮೋಜೆಸ್ ಲೆವೆನ್‌ಸ್ಟೈನ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1971ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ನ್ಯಾಲಾರ್ಫಿನ್ ಎಂಬ ಮದ್ದು ಇತ್ತು. ಆದರೆ ಅದು ಕುರ್ಚಿಯಲ್ಲಿ ಕೂತು ತಾನೂ ಸ್ವಲ್ಪ ಕಿತಾಪತಿ ಮಾಡುತ್ತಿತ್ತು. ರೋಗಿಗೆ ಭ್ರಮೆ, ಕಳವಳ. ಕೆಲವೊಮ್ಮೆ ಉಸಿರು ಇನ್ನಷ್ಟು ಕಡಿಮೆ. ಪೂರ್ತಿ ಸುಮ್ಮನೆ ಕೂರುವ ಮದ್ದು ಸಿಕ್ಕಿದ್ದು ನಲಾಕ್ಸೋನ್ ಬಂದ ಮೇಲೆಯೇ.

ಫಿಶ್‌ಮನ್ ಅವರ ಮಲಮಗ 2003ರಲ್ಲಿ ಹೆರಾಯಿನ್ ಓವರ್‌ಡೋಸಿನಿಂದ ತೀರಿಕೊಂಡ. ಮದ್ದು ಬಂದು ಮೂವತ್ತು ವರ್ಷ ದಾಟಿತ್ತು. ಅದು ಆಸ್ಪತ್ರೆಯ ಕಪಾಟಿನಲ್ಲಿತ್ತು, ಆ ಕೋಣೆಯಲ್ಲಿ ಇರಲಿಲ್ಲ.

ಒಂದು ಅಡ್ಡಮಾತು, ತಡೆದುಕೊಳ್ಳಲು ಆಗುತ್ತಿಲ್ಲ. ಈ ಕುರ್ಚಿಗಳು ನಿಜವಾಗಿ ಇವೆ ಎಂದು ತೋರಿಸಿದ್ದೂ ನಲಾಕ್ಸೋನ್ ಬಳಸಿಯೇ. 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ವಿಕಿರಣ ಗುರುತು ಹಚ್ಚಿದ ನಲಾಕ್ಸೋನನ್ನು ಮೆದುಳಿನ ಅಂಗಾಂಶಕ್ಕೆ ಸೇರಿಸಿ, ಅದು ಅಂಟಿಕೊಳ್ಳುವುದನ್ನು ಅಳೆದರು. ಗಸಗಸೆ ಗಿಡಕ್ಕಾಗಿ ನಮ್ಮ ತಲೆಯಲ್ಲಿ ಕುರ್ಚಿ ಯಾಕೆ ಇರಬೇಕು? ಆ ಪ್ರಶ್ನೆಗೆ ಎರಡು ವರ್ಷದಲ್ಲಿ ಉತ್ತರ ಬಂತು. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೊಸ್ಟರ್ಲಿಟ್ಜ್ ಮೆದುಳೇ ತಯಾರಿಸುವ ಎನ್‌ಕೆಫಲಿನ್‌ಗಳನ್ನು ಕಂಡುಹಿಡಿದರು. ಇನ್ನೂ ಮಜಾ ಕೇಳಿ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ಆಯಿತು. ಸುಳ್ಳು ಮದ್ದು ಕೊಟ್ಟಾಗಲೂ ಕೆಲವರಿಗೆ ನೋವು ಇಳಿಯಿತು. ಆಮೇಲೆ ನಲಾಕ್ಸೋನ್ ಕೊಟ್ಟರೆ ನೋವು ವಾಪಸ್ ಬಂತು. ಅಂದರೆ ನಂಬಿಕೆಯಿಂದ ನೋವು ಇಳಿದದ್ದೂ ಅದೇ ಕುರ್ಚಿಗಳ ಕೆಲಸ. ಸರಿ, ದಾರಿಗೆ ಬರುತ್ತೇನೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕಲಿಯುವ ದಿನಗಳು. ಹೊಟ್ಟೆಯ ದೊಡ್ಡ ಆಪರೇಷನ್ ಮುಗಿದು ರೋಗಿಯನ್ನು ಹೊರಗಿನ ಕೋಣೆಗೆ ತಂದಿದ್ದೆವು. ನರ್ಸಕ್ಕ ಕರೆದರು: "ಡಾಕ್ಟ್ರೇ, ಇವರು ನಿಮಿಷಕ್ಕೆ ನಾಲ್ಕೇ ಸಲ ಉಸಿರಾಡ್ತಿದಾರೆ." ಕಣ್ಣಿನ ರೆಪ್ಪೆ ಎತ್ತಿ ನೋಡಿದೆ, ಪಾಪೆ ಸೂಜಿಮೊನೆಯಷ್ಟಾಗಿತ್ತು. ನನ್ನ ಕೈ ನಡುಗಿತು. ನಲಾಕ್ಸೋನ್ ಆಂಪೂಲ್, ಅಂದರೆ ಮದ್ದಿನ ಪುಟ್ಟ ಗಾಜಿನ ಸೀಸೆ, ಒಡೆದೆ. ಅದರಲ್ಲಿ 0.4 ಮಿಲಿಗ್ರಾಂ ಇರುತ್ತದೆ. ನೀರು ಬೆರೆಸಿ, ಹತ್ತನೇ ಒಂದು ಭಾಗದಷ್ಟು ಕೊಟ್ಟು ನೋಡಬೇಕಿತ್ತು. ನಾನು ಇಡೀ ಆಂಪೂಲನ್ನು ಒಂದೇ ಸಲಕ್ಕೆ ರಕ್ತನಾಳಕ್ಕೆ ತಳ್ಳಿಬಿಟ್ಟೆ.

ಒಂದು ನಿಮಿಷವೂ ಆಗಿರಲಿಲ್ಲ. ಅವರು ಎದ್ದು ಕೂತರು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಉಸಿರಿನ ಜೊತೆ ಅಷ್ಟೂ ನೋವನ್ನು ನಾನು ವಾಪಸ್ ತಂದಿದ್ದೆ. ಬಿಪಿ ಏರಿತು, ವಾಂತಿಯಾಯಿತು. ಅವರು ಉಳಿದರು, ಮನೆಗೆ ನಡೆದೇ ಹೋದರು. ಅವತ್ತು ನರ್ಸಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ನಾನು ಉಸಿರು ಕಡಿಮೆ ಅಂದೆ ಡಾಕ್ಟ್ರೇ, ನಿದ್ದೆ ಜಾಸ್ತಿ ಅನ್ನಲಿಲ್ಲ" ಅಂದರು. ಯಾವ ಪ್ರೊಫೆಸರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ನಮಗೆ ಬೇಕಾದ್ದು ಉಸಿರು. ರೋಗಿ ಮಾತಾಡಬೇಕು, ಎದ್ದು ಓಡಾಡಬೇಕು ಅನ್ನುವುದು ನಮ್ಮ ಆತುರ.

ಇದು ಆಸ್ಪತ್ರೆಗಷ್ಟೇ ಸೇರಿದ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೊಲೀಸರು ಮೂಗಿಗೆ ಒತ್ತುವ ನಲಾಕ್ಸೋನ್ ಸ್ಪ್ರೇ ಇಟ್ಟುಕೊಂಡು ಓಡಾಡುತ್ತಾರೆ. ಕೆಲವು ತುಕಡಿಗಳಿಗೆ 4 ಮಿಲಿಗ್ರಾಂ ಸ್ಪ್ರೇ, ಕೆಲವಕ್ಕೆ ಹೊಸದಾಗಿ ಬಂದ 8 ಮಿಲಿಗ್ರಾಂ ಸ್ಪ್ರೇ ಕೊಟ್ಟು ಹೋಲಿಸಿದರು. ಬದುಕಿ ಉಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಾಂತಿಯಂಥ ತೊಂದರೆಗಳು ಮಾತ್ರ 8 ಮಿಲಿಗ್ರಾಂ ಪಡೆದವರಲ್ಲಿ ಜಾಸ್ತಿ ಇದ್ದವು. ಹೆಚ್ಚು ಗಟ್ಟಿ ಮದ್ದು ಬಂದಿದೆ ಎಂದು ಜಾಹೀರಾತು ಹೇಳಿದರೆ ನಾನು ಒಂದು ಹುಬ್ಬು ಎತ್ತಿಯೇ ಕೇಳುತ್ತೇನೆ.

ಹಾಗಾದರೆ ಮನೆಯಲ್ಲಿ, ರಸ್ತೆಯಲ್ಲಿ ಏನು ಮಾಡಬೇಕು? ಬನ್ನಿ, ಈ ಗೊಂಬೆಯ ಹತ್ತಿರ. ಉಸಿರು ಹಿಡಿದ ಹುಡುಗ, ನೀನೇ ಬಾ.

ಒಬ್ಬರು ನೆಲದ ಮೇಲೆ ಬಿದ್ದಿದ್ದಾರೆ. ಹೆಸರು ಹಿಡಿದು ಜೋರಾಗಿ ಕೂಗು. ಏಳಲಿಲ್ಲ. ಈಗ ಮುಷ್ಟಿ ಕಟ್ಟಿ, ಬೆರಳ ಗೆಣ್ಣಿನಿಂದ ಎದೆಯ ನಡುವಿನ ಮೂಳೆಯನ್ನು ಗಟ್ಟಿಯಾಗಿ ಉಜ್ಜು. ನಿನ್ನ ಎದೆಗೇ ಒಮ್ಮೆ ಮಾಡಿ ನೋಡು, ಎಷ್ಟು ನೋಯುತ್ತದೆ ಅಂತ ಗೊತ್ತಾಗುತ್ತದೆ. ನಿದ್ದೆಯಲ್ಲಿರುವವರು ಬೈದುಕೊಂಡಾದರೂ ಏಳುತ್ತಾರೆ. ಏಳದಿದ್ದರೆ ಎದೆ ನೋಡು. ದೊಡ್ಡವರು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾರೆ. ಇಲ್ಲಿ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನೀನು ಹತ್ತು ಎಣಿಸಬಹುದು. ಗಂಟಲಲ್ಲಿ ಗೊರಗೊರ ಸದ್ದು. ತುಟಿ, ಉಗುರು ನೀಲಿ. ಕಪ್ಪು ಮೈಬಣ್ಣದವರಲ್ಲಿ ಬೂದಿ ಬಣ್ಣ ಕಾಣಬಹುದು, ಒಳತುಟಿ ನೋಡು. ಪಾಪೆ ಸೂಜಿಮೊನೆ. ಪಾಪೆ ಹಾಗೆ ಇಲ್ಲದಿದ್ದರೂ ಅನುಮಾನ ಬಿಡಬೇಡ. ಬೇರೆ ಮದ್ದು ಬೆರೆತಿದ್ದರೆ ಅದು ದೊಡ್ಡದಾಗಿಯೂ ಇರಬಹುದು.

ಆಂಬುಲೆನ್ಸ್‌ಗೆ ಫೋನ್ ಮಾಡು, ಸ್ಪೀಕರ್ ಹಾಕಿ ಪಕ್ಕದಲ್ಲಿಡು. ಉಸಿರು ಪೂರ್ತಿ ನಿಂತರೆ ಮೆದುಳಿಗೆ ಪೆಟ್ಟು ಬೀಳಲು ನಾಲ್ಕರಿಂದ ಆರು ನಿಮಿಷ ಸಾಕು. ಅಷ್ಟರಲ್ಲಿ ಆಂಬುಲೆನ್ಸ್ ಬಂದರೆ ಪುಣ್ಯ. ಬರದೇ ಇರುವುದೇ ಹೆಚ್ಚು.

ಈಗ ಸ್ಪ್ರೇ. ಪೊಟ್ಟಣದ ಹಿಂಬದಿ ಸುಲಿದು ತೆಗೆ. ತಡಿ ತಡಿ, ಗಾಳಿಗೆ ಒತ್ತಿ ಪರೀಕ್ಷೆ ಮಾಡಬೇಡ! (ಹುಡುಗ ಆಗಲೇ ಒತ್ತಿಯಾಗಿತ್ತು. ಸಭೆ ನಕ್ಕಿತು.) ನಗಬೇಡಿ. ಹತ್ತು ಜನರಲ್ಲಿ ಮೂರು ನಾಲ್ಕು ಜನ ಇದನ್ನೇ ಮಾಡುವುದನ್ನು ನಾನು ನೋಡಿದ್ದೇನೆ. ಸೆಂಟ್ ಬಾಟಲಿಯ ಅಭ್ಯಾಸ. ಇದರೊಳಗೆ ಇರುವುದು ಒಂದೇ ಡೋಸು, ಒಂದು ಹನಿಯಷ್ಟು ನೀರು. ಗಾಳಿಗೆ ಹೋದರೆ ಹೋಯಿತು. ಅದೃಷ್ಟಕ್ಕೆ ಡಬ್ಬಿಯಲ್ಲಿ ಎರಡು ಇರುತ್ತವೆ. ಇದು ಕಲಿಕೆಯ ಸ್ಪ್ರೇ, ಇನ್ನೊಂದು ತಗೋ. ಕತ್ತಿನ ಕೆಳಗೆ ಒಂದು ಕೈ ಕೊಟ್ಟು ತಲೆ ಹಿಂದಕ್ಕೆ ಬಾಗಿಸು. ಎರಡು ಬೆರಳ ನಡುವೆ ಹಿಡಿದು, ಬೆರಳು ಮೂಗಿನ ಬುಡಕ್ಕೆ ತಾಗುವವರೆಗೆ ಹೊಳ್ಳೆಯೊಳಗೆ ತೂರಿಸು. ಹೆಬ್ಬೆರಳಿನಿಂದ ಪೂರ್ತಿ ಒತ್ತು. ಅವರು ಉಸಿರು ಎಳೆದುಕೊಳ್ಳಬೇಕಾಗಿಲ್ಲ. ಮೂಗಿನ ಒಳಪೊರೆಯೇ ಮದ್ದನ್ನು ಹೀರುತ್ತದೆ. ಇಂಜೆಕ್ಷನ್ ಇದ್ದರೆ ತೊಡೆಯ ಹೊರಭಾಗಕ್ಕೆ, ಬಟ್ಟೆಯ ಮೇಲೆಯೇ ಚುಚ್ಚಬಹುದು.

ಒತ್ತಿದ ಮೇಲೆ ಕೈ ಕಟ್ಟಿಕೊಂಡು ನೋಡುತ್ತಾ ಕೂರಬೇಡಿ. ನನ್ನ ಪ್ರಕಾರ ಜನ ಹೆಚ್ಚು ಎಡವುವುದು ಇಲ್ಲಿಯೇ. ಮದ್ದು ಕೆಲಸ ಶುರು ಮಾಡಲು ಎರಡು ಮೂರು ನಿಮಿಷ ಬೇಕು. ಆ ಎರಡು ಮೂರು ನಿಮಿಷವೂ ಅವರಿಗೆ ಉಸಿರು ಬೇಕು. ತಲೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಐದು ಸೆಕೆಂಡಿಗೆ ಒಂದರಂತೆ ಬಾಯಿಗೆ ಊದಿ. ಎದೆ ಏರುವುದು ಕಾಣಬೇಕು. ನಲಾಕ್ಸೋನ್ ಕೈಯಲ್ಲಿ ಇಲ್ಲದಿದ್ದರೆ ಇಷ್ಟನ್ನೇ ಮಾಡಿ, ಆಂಬುಲೆನ್ಸ್ ಬರುವವರೆಗೆ ಮಾಡುತ್ತಲೇ ಇರಿ. ನಾಡಿ ಸಿಗದಿದ್ದರೆ ಎದೆ ಒತ್ತುವುದೂ ಸೇರಬೇಕು. ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಇನ್ನೊಂದು ಹೊಳ್ಳೆಗೆ ಎರಡನೇ ಸ್ಪ್ರೇ. ಉಸಿರು ಬಂತು, ಆದರೆ ಎಚ್ಚರವಾಗಲಿಲ್ಲ ಅನ್ನಿ. ಮತ್ತೆ ಸ್ಪ್ರೇ ಒತ್ತುವ ಆತುರ ಬೇಡ. ಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಿಸಿ, ಕೈಯನ್ನು ಕೆನ್ನೆಯ ಕೆಳಗಿಡಿ. ವಾಂತಿಯಾದರೂ ಗಂಟಲಿಗೆ ಇಳಿಯುವುದಿಲ್ಲ.

ಮುಖಕ್ಕೆ ತಣ್ಣೀರು ಸುರಿಯುವುದು, ಕೆನ್ನೆಗೆ ಬಾರಿಸುವುದು, ಎತ್ತಿ ನಡೆಸುವುದು, ಬಾಯಿಗೆ ಕಾಫಿ ಹುಯ್ಯುವುದು ಯಾವುದೂ ಬೇಡ. ಇವೆಲ್ಲ ಎಚ್ಚರ ಮಾಡಿಸುವ ಪ್ರಯತ್ನಗಳು. ಉಸಿರಿಗೆ ಏನೂ ಮಾಡುವುದಿಲ್ಲ, ಸಮಯ ತಿನ್ನುತ್ತವೆ.

ಮಲಗಿಸುವ ರೀತಿಯ ಬಗ್ಗೆ ಒಂದು ಕಹಿ ಉದಾಹರಣೆ. 2002ರ ಅಕ್ಟೋಬರಿನಲ್ಲಿ ಮಾಸ್ಕೋದ ಒಂದು ನಾಟಕಮಂದಿರದಲ್ಲಿ ಉಗ್ರರು ನೂರಾರು ಜನರನ್ನು ಒತ್ತೆ ಇಟ್ಟುಕೊಂಡಿದ್ದರು. ಒಳಗೆ ನುಗ್ಗುವ ಮೊದಲು ರಷ್ಯಾದ ಪಡೆಗಳು ಮಂದಿರದೊಳಗೆ ಅನಿಲ ಬಿಟ್ಟವು. ಸುಮಾರು 130 ಒತ್ತೆಯಾಳುಗಳು ಸತ್ತರು, ಬಹುತೇಕರು ಆ ಅನಿಲದಿಂದಲೇ. ಬದುಕಿ ಬಂದ ಬ್ರಿಟನ್ನಿನವರ ಬಟ್ಟೆ ಮತ್ತು ಮೂತ್ರವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದರಲ್ಲಿ ಫೆಂಟನಿಲ್ ಮನೆತನದ ಕಾರ್ಫೆಂಟನಿಲ್ ಮತ್ತು ರೆಮಿಫೆಂಟನಿಲ್ ಇದ್ದವು ಎಂದು 2012ರಲ್ಲಿ ಪ್ರಕಟಿಸಿದರು. ಅವತ್ತು ಹೊರಗೆ ಕಾಯುತ್ತಿದ್ದ ವೈದ್ಯರಿಗೆ ಅನಿಲ ಯಾವುದು ಎಂದು ಯಾರೂ ಮೊದಲೇ ಹೇಳಿರಲಿಲ್ಲ. ಪ್ರಜ್ಞೆ ಇಲ್ಲದವರನ್ನು ಹೊರಗೆ ತಂದು ಅಂಗಾತ ಮಲಗಿಸಿದ್ದರು. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಆ ಚಿತ್ರಗಳನ್ನು ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ಅವರನ್ನು ಮಗ್ಗುಲಿಗೆ ಹೊರಳಿಸಲು ಹೋಗುತ್ತದೆ.

ಮದ್ದು ಕೆಲಸ ಮಾಡಿತು, ಅವರು ಕಣ್ಣು ಬಿಟ್ಟರು ಅನ್ನಿ. ಧನ್ಯವಾದ ಹೇಳುತ್ತಾರೆ ಎಂದು ಕಾಯಬೇಡಿ. ದಿನಾ ಒಪಿಯಾಯ್ಡ್ ತೆಗೆದುಕೊಳ್ಳುವವರಾದರೆ ಎಲ್ಲ ಕುರ್ಚಿಯೂ ಒಮ್ಮೆಲೇ ಖಾಲಿಯಾದ ಹಾಗೆ. ಬೆವರು, ನಡುಕ, ವಾಂತಿ, ಮೈಯೆಲ್ಲ ಮುಳ್ಳು, ಸಿಟ್ಟು. "ಯಾಕೆ ಎಬ್ಬಿಸಿದೆ?" ಎಂದು ಬೈಯಬಹುದು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅದು ಯಾತನೆ ಹೌದು, ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಲ್ಲ. ಅವರು ಎದ್ದು ಹೋಗಲು ನೋಡುತ್ತಾರೆ, ಇಲ್ಲವೇ ಇನ್ನೊಂದು ಡೋಸು ಹುಡುಕುತ್ತಾರೆ. ಎರಡೂ ಅಪಾಯ. ಏಕೆಂದರೆ ನಲಾಕ್ಸೋನ್ ಕುರ್ಚಿಯಲ್ಲಿ ಕೂರುವುದು 30ರಿಂದ 90 ನಿಮಿಷ. ಆಮೇಲೆ ಅದು ಎದ್ದು ಹೋಗುತ್ತದೆ. ರಕ್ತದಲ್ಲಿ ಮೆಥಡೋನ್‌ನಂಥ ಬಹಳ ಹೊತ್ತು ಉಳಿಯುವ ಮದ್ದಿದ್ದರೆ ಅದು ಅಲ್ಲೇ ನಿಂತು ಕಾಯುತ್ತಿರುತ್ತದೆ, ಖಾಲಿ ಕುರ್ಚಿ ಕಂಡು ಮತ್ತೆ ಕೂರುತ್ತದೆ. ಒಂದು ಗಂಟೆಯ ಹಿಂದೆ ಮಾತಾಡಿದವರು ಮತ್ತೆ ಉಸಿರು ಮರೆಯುತ್ತಾರೆ. ಅದಕ್ಕೇ ಆಸ್ಪತ್ರೆ ಬೇಕು, ಅದಕ್ಕೇ ಪಕ್ಕದಲ್ಲಿ ಒಬ್ಬರು ಬೇಕು.

ಈ ಮದ್ದನ್ನು ಆಸ್ಪತ್ರೆಯ ಕಪಾಟಿನಿಂದ ಹೊರಗೆ ತಂದವರು ಹೆಚ್ಚಾಗಿ ವೈದ್ಯರಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ. ಷಿಕಾಗೋದಲ್ಲಿ ಡ್ಯಾನ್ ಬಿಗ್ ಮತ್ತು ಜೊತೆಗಾರರು 1996ರ ಹೊತ್ತಿಗೆ ಡ್ರಗ್ಸ್ ಸೇವಿಸುವವರ ಕೈಗೇ ನಲಾಕ್ಸೋನ್ ಕೊಡತೊಡಗಿದರು. ಓವರ್‌ಡೋಸ್ ಆದಾಗ ಪಕ್ಕದಲ್ಲಿ ಇರುವವರು ಅವರೇ ತಾನೆ? ಸ್ಕಾಟ್ಲೆಂಡ್ 2011ರಲ್ಲಿ ಇಡೀ ದೇಶಕ್ಕೆ ಒಂದು ಕಾರ್ಯಕ್ರಮ ಮಾಡಿತು. ಓವರ್‌ಡೋಸ್ ಕಣ್ಣಿಗೆ ಬೀಳಬಹುದಾದ ಯಾರಿಗಾದರೂ ಇದು ಸಿಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿತು. 2015ರಲ್ಲಿ ಅಮೆರಿಕದಲ್ಲಿ ನಾರ್ಕಾನ್ ಎಂಬ ಹೆಸರಿನ ನಲಾಕ್ಸೋನ್ ಮೂಗಿನ ಸ್ಪ್ರೇಗೆ ಒಪ್ಪಿಗೆ ಸಿಕ್ಕಿತು. 2023ರ ಮಾರ್ಚಿನಲ್ಲಿ ಅದನ್ನು ಅಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಹುದು ಎಂದಾಯಿತು. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಎಷ್ಟೋ ಕಡೆ ಇದು ಇವತ್ತಿಗೂ ಆಂಪೂಲಿನಲ್ಲಿ, ಆಸ್ಪತ್ರೆಯ ಒಳಗೇ ಇದೆ.

"ಇದನ್ನು ಹಂಚಿದರೆ ಜನಕ್ಕೆ ಧೈರ್ಯ ಬಂದು ಇನ್ನೂ ಜಾಸ್ತಿ ತಗೋತಾರೆ" ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಮೈಯಲ್ಲಿ ಮುಳ್ಳೇಳಿಸಿ ವಾಂತಿ ಮಾಡಿಸುವ ಮದ್ದನ್ನು ನಂಬಿಕೊಂಡು ಯಾರೂ ಹೆಚ್ಚು ಡೋಸು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಇನ್ನೂ ಒಂದು ಮಾತು. ಸತ್ತವರಿಗೆ ಚಟ ಬಿಡಿಸಲು ಆಗುವುದಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.

ಫೆಂಟನಿಲ್ ಮುಟ್ಟಿದರೇ ಸಾಯುತ್ತಾರಂತೆ, ಹೌದಾ ಎಂದು ಒಬ್ಬರು ಕೇಳಿದರು. ಇಲ್ಲ. ಪುಡಿ ಬೆರಳಿಗೆ ತಾಗಿದ ಮಾತ್ರಕ್ಕೆ ಚರ್ಮದ ಮೂಲಕ ಅಷ್ಟು ಮದ್ದು ಒಳಗೆ ಹೋಗುವುದಿಲ್ಲ. ಚರ್ಮದ ಮೂಲಕ ಹೋಗಲೆಂದೇ ತಯಾರಿಸಿದ ಪ್ಯಾಚಿಗೂ ಪೂರ್ತಿ ಪರಿಣಾಮಕ್ಕೆ ಗಂಟೆಗಟ್ಟಲೆ ಬೇಕು. ಕೈ ತೊಳೆದುಕೊಳ್ಳಿ, ಸೋಪು ನೀರು ಸಾಕು. ಈ ಭಯದಿಂದ ಬಿದ್ದವರನ್ನು ಮುಟ್ಟದೇ ಇರುವುದು ದೊಡ್ಡ ಅನಾಹುತ.

ಕುಡಿದು ಬಿದ್ದಿದ್ದಾರೋ, ನಿದ್ದೆ ಮಾತ್ರೆಯೋ, ಬೇರೆ ಏನೋ ಗೊತ್ತಾಗದಿದ್ದರೆ? ಕೊಡಿ. ಮದ್ಯಕ್ಕಾಗಲಿ ನಿದ್ದೆ ಮಾತ್ರೆಗಾಗಲಿ ಇದು ಕೆಲಸ ಮಾಡುವುದಿಲ್ಲ. ಪ್ರಾಣಿಗಳಿಗೆ ಕೊಡುವ ಜೈಲಜಿನ್ ಎಂಬ ಮದ್ದನ್ನು ಈಗ ಕೆಲವು ಕಡೆ ಫೆಂಟನಿಲ್ ಜೊತೆ ಬೆರೆಸುತ್ತಾರೆ, ಅದಕ್ಕೂ ಕೆಲಸ ಮಾಡುವುದಿಲ್ಲ. ಆದರೆ ಜೊತೆಯಲ್ಲಿ ಒಪಿಯಾಯ್ಡ್ ಇದ್ದರೆ ಅದರ ಹಿಡಿತ ಬಿಡುತ್ತದೆ. ಇಂಥ ಕಡೆ ಉಸಿರು ಬಂದರೂ ಎಚ್ಚರ ಬರುವುದಿಲ್ಲ. ನಾಲ್ಕೈದು ಸ್ಪ್ರೇ ಒತ್ತಿದವರನ್ನು ಬೈಯಲು ಮನಸ್ಸಾಗುವುದಿಲ್ಲ, ಅವರು ಹೆದರಿರುತ್ತಾರೆ. ಆದರೂ ಎದೆ ನೋಡಿ ಎನ್ನುತ್ತೇನೆ.

ಅವಧಿ ಮುಗಿದ ಸ್ಪ್ರೇ ಎಸೆಯಬೇಕಾ? ಹೊಸದು ಬರುವವರೆಗೆ ಇಟ್ಟುಕೊಳ್ಳಿ. ಕೈಯಲ್ಲಿ ಅದೊಂದೇ ಇದ್ದರೆ ಅದನ್ನೇ ಬಳಸಿ. ಕಾಲ ಕಳೆದಂತೆ ಶಕ್ತಿ ಸ್ವಲ್ಪ ಇಳಿಯಬಹುದು, ವಿಷವಾಗುವುದಿಲ್ಲ. 4 ಮಿಲಿಗ್ರಾಂ ನಾರ್ಕಾನ್ ಸ್ಪ್ರೇಗೆ ಮೊದಲು ಮೂರು ವರ್ಷ ಅವಧಿ ಇತ್ತು, ಹೊಸದಾಗಿ ತಯಾರಾಗುವುದಕ್ಕೆ 2024ರಲ್ಲಿ ಅದನ್ನು ನಾಲ್ಕು ವರ್ಷ ಮಾಡಿದ್ದಾರೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಬೇಡಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಅಮ್ಮನದು. ಅವರ ಯಜಮಾನರಿಗೆ ಕ್ಯಾನ್ಸರ್, ಬೆನ್ನಿಗೆ ಫೆಂಟನಿಲ್ ಪ್ಯಾಚ್ ಹಾಕುತ್ತಾರೆ. ನೋವಿಗೆ ಅದರ ಮೇಲೆ ಬಿಸಿನೀರಿನ ಚೀಲವನ್ನೂ ಇಡುತ್ತಿದ್ದರಂತೆ. ಅದನ್ನು ಇವತ್ತೇ ನಿಲ್ಲಿಸಿ ಅಮ್ಮಾ ಎಂದೆ. ಬಿಸಿ ತಾಗಿದರೆ ಪ್ಯಾಚಿನಿಂದ ಮದ್ದು ಬೇಗ ಬೇಗ ಒಳಗೆ ಹೋಗುತ್ತದೆ. ಜ್ವರ ಬಂದಾಗಲೂ ಹಾಗೇ ಆಗಬಹುದು, ಡಾಕ್ಟರಿಗೆ ತಿಳಿಸಿ. ಸ್ಪ್ರೇ ಎಲ್ಲಿಡಲಿ, ಬೀರುವಿನಲ್ಲಿ ಪ್ಯಾಚಿನ ಜೊತೆಗೇ ಬೀಗ ಹಾಕಿಡಲಾ ಎಂದು ಕೇಳಿದರು. ಪ್ಯಾಚನ್ನು ಬೀಗದಲ್ಲೇ ಇಡಿ. ಸ್ಪ್ರೇಯನ್ನು ಹೊರಗೆ, ಮನೆಯವರಿಗೆಲ್ಲ ಕಾಣುವ ಕಡೆ ಇಡಿ. ನೀವು ಸ್ನಾನಕ್ಕೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಮೊಮ್ಮಗಳು, ಹದಿನಾಲ್ಕು ವರ್ಷ ಎಂದರು. ಹಾಗಾದರೆ ಅವಳನ್ನೂ ಕರೆದುಕೊಂಡು ಬನ್ನಿ, ಗೊಂಬೆಯ ಮೂಗಿಗೆ ಎರಡು ಸಲ ಒತ್ತಿಸಿ ಕಳಿಸುತ್ತೇನೆ ಎಂದೆ. ಅವಳು ಹೊರಗೆ ಮೆಟ್ಟಿಲ ಮೇಲೆ ಫೋನು ನೋಡುತ್ತಾ ಕೂತಿದ್ದಳು. ಒಳಗೆ ಬಂದಳು. ಮೊದಲ ಸಲಕ್ಕೇ ಸರಿಯಾಗಿ ತಲೆ ಬಾಗಿಸಿದಳು, ಗಾಳಿಗೆ ಒತ್ತಲಿಲ್ಲ.